ಕುಂಕುಮದ ಡಬ್ಬ್ಯಾಗಿನ ಕಾರ್ಡು

ಹೋದ ವರ್ಷ ದಸರಾಕ್ಕ ಮನಿ ಸ್ವಚ್ಛ ಮಾಡೋ ಮುಂದ ಅಡಗಿಮನಿ ಮಾಡದಾಗ ಇಟ್ಟಿದ್ದ ಒಂದು ಸಣ್ಣ ಸ್ಟೀಲ್ ಡಬ್ಬಿ ಕೈಗೆ ಬಂತು ನೋಡ್ರಿ. ಕುಂಕುಮದ ಡಬ್ಬಿ. ಒಳಗ ಕುಂಕುಮ ಇರಲಿಲ್ಲ, ಪೇಪರ್ ತುಣುಕಿನ್ಯಾಗ ಸುತ್ತಿದ್ದ ಒಂದು ಮೆಮೊರಿ ಕಾರ್ಡ್ ಇತ್ತು. ಕಿರುಬೆರಳಿನ ಉಗುರಿನಷ್ಟ. ಮ್ಯಾಲ 8 ಜಿಬಿ ಅಂತ ಬರದಿತ್ತು. ಅದೇನು ಅಂತ ನನಗ ನೋಡಿದ ಕೂಡಲೇ ಗೊತ್ತಾತು. ಮರತಿದ್ದೆ ಅಂತೂ ಅಲ್ರಿ. ಇಟ್ಟಾಕಿನೂ ನಾನ, ಅಲ್ಲೇ ಐತಿ ಅನ್ನೋದೂ ನನಗ ಗೊತ್ತಿತ್ತು. ತಗದು ನೋಡಿರಲಿಲ್ಲ, ಅಷ್ಟ.

ಅದರಾಗ ನಮ್ಮವ್ವ ಇದ್ಲು.

2015ರ ಬ್ಯಾಸಗಿ ರಜಾದಾಗ ಅವ್ವ ನಮ್ಮ ಮನ್ಯಾಗ ಒಂದು ತಿಂಗಳ ಇದ್ಲು. ಮಸಾಲಿ ಖಾರ ಮಾಡೋ ದಿನಗಳು. ಬ್ಯಾಡಗಿ ಮೆಣಸಿನಕಾಯಿ ಮಾಳಗಿ ಮ್ಯಾಲ ಒಣಗತಿದ್ವು. ಅವ್ವನ ಕೈಯಿಂದ ಆದ ಖಾರದ ರುಚಿನೇ ಬ್ಯಾರೆ, ನಮ್ಮ ಮನಿಯವ್ರು ಇವತ್ತಿಗೂ ಅದನ್ನ ನೆನಸತಾರ, ನನ್ನ ಖಾರ ತಿನ್ನೋ ಮುಂದನ ನೆನಸತಾರ. ಅಳತಿ ಬರಕೊಳ್ಳೋಣ ಅಂತ ಪೆನ್ನು ಹಿಡಕೊಂಡು ಕುಂತ್ರ ಆಕಿ "ಅಳತಿ ಏನ ಬಂತವಾ, ಎಲ್ಲಾ ಅಂದಾಜ" ಅಂತಿದ್ಲು. ಕೈ ಕೆಲಸದಾಗ ಇದ್ದಾಗ ಮಾತ್ರ ಬಾಯಿ ತಾನ ಬಿಚ್ಚತಿತ್ತು. ಅದಕ್ಕ ಫೋನಿನ್ಯಾಗ ರೆಕಾರ್ಡ್ ಮಾಡಿದೆ. ಒಟ್ಟ ಹನ್ನೊಂದು. ಖಾರದ್ದು ನಾಕು, ಉಪ್ಪಿನಕಾಯಿದು ಎರಡು, ಹಳೆ ಊರಿನ ಮಾತು ಮೂರು, ಬೀಸೋ ಪದ ಎರಡು. ಬೀಸುಕಲ್ಲ ಇಲ್ಲದ ಪದ ಹೆಂಗ ಹಾಡ್ಲಿ ಅಂದಾಕಿ, ಕಡೀಕ ಮಿಕ್ಸರಿನ ಮುಂದ ಕುಂತು ಹಾಡಿದ್ಲು.

2017ರಾಗ ಅವ್ವ ಹೋದ್ಲು. ಮರು ವರ್ಷ ಆ ಫೋನು ಕೈಜಾರಿ ಬಿದ್ದು ಒಡೀತು. ಕಾರ್ಡ್ ತಗದು ಡಬ್ಬ್ಯಾಗ ಇಟ್ಟೆ.

ಇಲ್ಲಿಂದ ಮುಂದ ಬರಿಯೋದು ನನಗ ಸ್ವಲ್ಪ ಕಷ್ಟ. ಬೆಳಗಾವ್ಯಾಗ ನನ್ನ ತಂಗಿ ಇದ್ದಾಳ. ಅವ್ವನ ದಿನಕರ್ಮ ಮುಗದ ಮ್ಯಾಲ ಆಕಿ, "ಅಕ್ಕಾ, ಅವ್ವನ ಧ್ವನಿ ನಿನ್ನ ಕಡೆ ಐತಲ್ಲ, ನನಗೂ ಒಂದ ಕಾಪಿ ಕಳಸು" ಅಂದಿದ್ಲು. ಕಳಸ್ತೀನಿ ಅಂದೆ. ವರ್ಷಕ್ಕ ಒಂದೆರಡು ಸಲ ಕೇಳೋದು, ನಾ ಕಳಸ್ತೀನಿ ಅನ್ನೋದು. ಆಮ್ಯಾಲ ಕೇಳೋದು ಬಿಟ್ಲು. ಕಾರ್ಡ್ ಹಾಕಾಕ ಫೋನಿಲ್ಲ, ಅಡಾಪ್ಟರ್ ಇಲ್ಲ, ಮಗ ಬೆಂಗಳೂರಾಗ ಅದಾನ, ಹಿಂಗ ಏನೇನೋ ನೆವ ಹೇಳಿದೆ. ಖರೇ ಕಾರಣ ಬ್ಯಾರೆ. ಅವ್ವನ ಕಡೇ ಎರಡು ವರ್ಷ ನೋಡಿಕೊಂಡಾಕಿ ನಾನು. ರಾತ್ರಿ ಎದ್ದಾಕಿ ನಾನು. ತಂಗಿ ಬಂದು ಹೋಗಾಕಿ. ಈ ಒಂದು ವಸ್ತು ನನಗಷ್ಟ ಇರ್ಲಿ ಅಂತ ಮನಸಿನ್ಯಾಗ ಇತ್ತು. ಅಷ್ಟ ಸಣ್ಣ ಬುದ್ಧಿ.

ಈಗ ಡಬ್ಬಿ ಕೈಯಾಗ ಬಂದ ಮ್ಯಾಲ ಮನಸ ತಡೀಲಿಲ್ಲ. ಮಗ ಬಿಟ್ಟು ಹೋಗಿದ್ದ ಹಳೆ ಲ್ಯಾಪ್‌ಟಾಪಿಗೆ ಅಡಾಪ್ಟರ್ ತರಸಿ ಕಾರ್ಡ್ ಹಾಕಿದೆ. ಪರದೆ ಮ್ಯಾಲ ಒಂದು ಚೌಕ ಬಂತು: ಈ ಡಿಸ್ಕ್ ಬಳಸಬೇಕಂದ್ರ ಮೊದಲ ಫಾರ್ಮ್ಯಾಟ್ ಮಾಡಬೇಕು, ಮಾಡ್ಲೇನು ಅಂತ. ಎದಿ ಝಲ್ಲಂತು. ಏನೂ ಒತ್ತದ ಕಾರ್ಡ್ ತಗದು ಪ್ಯಾಟ್ಯಾಗಿನ ಒಂದ ಮೊಬೈಲ್ ಅಂಗಡಿಗೆ ಒಯ್ದೆ. ಹುಡುಗ ನೋಡಿ, "ಆಂಟಿ, ಫಾರ್ಮ್ಯಾಟ್ ಮಾಡಿ ಕೊಡ್ತೀನಿ, ಹೊಸದರಂಗ ಆಕ್ಕೈತಿ" ಅಂದ. ಕಾರ್ಡಿನ ಹಿತ ನೋಡಿ ಹೇಳಿದ ಪಾಪ. ಕಾರ್ಡ್ ಹೊಸದರಂಗ ಆಗೋದು ಯಾರಿಗೆ ಬೇಕಾಗಿತ್ತು? ಕಸಗೊಂಡು ಬಂದೆ ಅಂದ್ರೂ ತಪ್ಪಿಲ್ಲ.

ಇದನ್ನ ಬಲ್ಲಾಂವ ನಮ್ಮ ಬಳಗದಾಗ ಒಬ್ಬನ. ನನ್ನ ತಂಗಿ ಮಗ. ಹುಬ್ಬಳ್ಯಾಗ ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಓದತಾನ, ಐತವಾರ ಐತವಾರ ನಮ್ಮ ಮನಿಗೆ ಊಟಕ್ಕ ಬರತಾನ. ನೋಡ್ರಿ ಹೆಂಗೈತಿ! ಯಾರಿಗೆ ಕೊಡಲಿಲ್ಲೋ ಆಕಿ ಮಗನ ಮುಂದನ ಕೈಚಾಚಬೇಕಾತು. ಎರಡು ಐತವಾರ ಸುಮ್ನಿದ್ದೆ. ಮೂರನೇದಕ್ಕ ಊಟ ಆದ ಮ್ಯಾಲ ಡಬ್ಬಿ ತಂದು ಮುಂದಿಟ್ಟೆ. ಅಂವ ಬರದದ್ದು ಓದಿದ, ನನ್ನ ಮುಖ ನೋಡಿದ, "ಅಜ್ಜಿದು ಇದ್ರಾಗ ಐತೇನ್ ದೊಡ್ಡವ್ವಾ?" ಅಂತ ಅಷ್ಟ ಕೇಳಿದ. ತಮ್ಮವ್ವನ ಮಾತು ಎತ್ತಲಿಲ್ಲ. ಅದ ನನಗ ಭಾಳ ಚುಚ್ಚಿತು.

"ಏಳು ವರ್ಷ ಡಬ್ಬ್ಯಾಗ ಇತ್ತು, ಯಾರೂ ಮುಟ್ಟಿಲ್ಲ, ನೀರು ಬಿದ್ದಿಲ್ಲ, ಒಡದಿಲ್ಲ. ತಾನ ಹೆಂಗ ಕೆಡತೈತಿ?" ಅಂತ ಕೇಳಿದೆ. ಆವಾಗ ಅಂವ ಹಳೆ ಕ್ಯಾಲೆಂಡರ್ ಹಾಳಿ ಹಿಂದ ಚಿತ್ರ ಬರದು ತಿಳಿಸಿದ. ನಾನೂ ಪಿಯುಸಿ ಸೈನ್ಸ್ ಓದಿದಾಕಿ ಅನ್ನೋದು ಆ ಹುಡುಗಗ ಅವತ್ತ ಗೊತ್ತಾತು. ಎರಡನೇ ವರ್ಷ ಮುಗಿಯೋದ ತಡ, ಮದಿವಿ ಆತು. ಪುಸ್ತಕ ತಮ್ಮನ ಪಾಲಾದ್ವು. ಆದ್ರ ಎಲೆಕ್ಟ್ರಾನ್ ಅಂದ್ರೇನು, ಅವಾಹಕ ಅಂದ್ರೇನು ಅನ್ನೋದು ಮರತಿಲ್ಲ.

ಅಂವ ಹೇಳಿದ್ದು ಹಿಂಗ. ಈ ಕಾರ್ಡು, ಪೆನ್ ಡ್ರೈವು, ಫೋನಿನೊಳಗಿನ ಜಾಗಾ, ಎಲ್ಲಾನೂ ಫ್ಲ್ಯಾಶ್ ಮೆಮೊರಿ. ಹಳೆ ಕ್ಯಾಸೆಟ್ಟಿನಂಗ ತಿರಗೋದು ಏನೂ ಇಲ್ಲ. ಒಳಗ ಕೋಟಿಗಟ್ಟಲೆ ಸಣ್ಣ ಸಣ್ಣ ಖೋಲಿ. ನನಗ ಕೇಳಿದ ಕೂಡಲೇ ನಮ್ಮ ಅಜ್ಜನ ಮನಿ ಹಗೇವು ನೆನಪಾತು. ನೆಲದಾಗ ತೋಡಿ, ಒಳಗ ಜೋಳ ಸುರುವಿ, ಬಾಯಿ ಮುಚ್ಚಿ ಮೆತ್ತಿಬಿಟ್ರ ವರ್ಷಗಟ್ಟಲೆ ಕಾವಲ ಬೇಕಿಲ್ಲ. ಇಲ್ಲಿ ಜೋಳದ ಬದಲಿಗೆ ಎಲೆಕ್ಟ್ರಾನು. ಖೋಲ್ಯಾಗ ಎಲೆಕ್ಟ್ರಾನ್ ತುಂಬಿದ್ರ ಸೊನ್ನೆ, ಖಾಲಿ ಇದ್ರ ಒಂದು. ಒಂದು, ಸೊನ್ನೆ, ಇವನ್ನ ಸಾಲಾಗಿ ಓದಿದ್ರ ಅವ್ವನ ಧ್ವನಿ.

"ಹಗೇವಕ್ಕ ಬಾಯಿ ಇರತೈತಿ, ಇದಕ್ಕೆಲ್ಲಿ?" ಅಂದೆ. ಇದಕ್ಕ ಬಾಗಲಾನ ಇಲ್ಲಂತ. ಸುತ್ತ ಎಲ್ಲಾ ಕಡೆ ಅವಾಹಕದ ಗ್ವಾಡಿ. ಅವಾಹಕದಾಗ ಎಲೆಕ್ಟ್ರಾನ್ ಹಾಯಂಗಿಲ್ಲ ಅಂತ ನಾನು ವಾದ ಹಾಕಿದೆ, ನಮ್ಮ ಲೆಕ್ಚರರ್ ಹಂಗ ಹೇಳಿದ್ರು. ಅಂವ ನಕ್ಕು, ಗ್ವಾಡಿ ಭಾಳ ತೆಳು ಇದ್ದು ಆಚಿಂದ ಜೋರ ವೋಲ್ಟೇಜ್ ಕೊಟ್ರ ಎಲೆಕ್ಟ್ರಾನ್ ಗ್ವಾಡಿ ಒಡೀದನ ಒಳಗ ದಾಟತಾವು, ಅದಕ್ಕ ಟನಲಿಂಗ್ ಅಂತಾರ ಅಂದ. ತಲಿಕೂದಲ ಅಡ್ಡಗಲನ್ನ ಹತ್ತು ಸಾವಿರ ಪಾಲು ಮಾಡಿದ್ರ ಒಂದು ಪಾಲಿನಷ್ಟ ದಪ್ಪ ಆ ಗ್ವಾಡಿ. ತುಂಬಾಕ, ಖಾಲಿ ಮಾಡಾಕ ಸುಮಾರು 20 ವೋಲ್ಟ್ ಬೇಕು. ಅಷ್ಟ ವೋಲ್ಟೇಜನ್ನ ಕಾರ್ಡ್ ತನ್ನೊಳಗ ತಾನ ತಯಾರ ಮಾಡಿಕೋತೈತಿ. ವೋಲ್ಟೇಜ್ ತಗದ ಮ್ಯಾಲ ಒಳಗಿದ್ದದ್ದು ಒಳಗ ಉಳೀತೈತಿ. ಕರೆಂಟ್ ಹೋದ್ರೂ, ಫೋನಿನಿಂದ ಕಿತ್ತು ಡಬ್ಬ್ಯಾಗ ಇಟ್ರೂ. ಓದೋ ಮುಂದ ಖೋಲಿ ತಗದು ನೋಡಂಗಿಲ್ಲ. ಖೋಲಿ ಕೆಳಗಿನ ದಾರ್‍ಯಾಗ ಸ್ವಲ್ಪ ಕರೆಂಟ್ ಬಿಟ್ಟು, ಹಾಯತೈತೋ ಇಲ್ಲೋ ಅಂತ ನೋಡತೈತಿ. ಮ್ಯಾಲ ಎಲೆಕ್ಟ್ರಾನ್ ಕುಂತಿದ್ರ ದಾರಿ ಕಟ್ಟಿರತೈತಿ.

ಎಂಟು ಜಿಬಿ ಅಂದ್ರ 6,400 ಕೋಟಿ ಒಂದು-ಸೊನ್ನೆ. ಉಗುರಿನಷ್ಟದರಾಗ! ಅಷ್ಟ ಖೋಲಿ ಮಾಡಾಕ ಜಾಗಾ ಸಾಲೂದಿಲ್ಲ ಅಂತ ಒಂದ ಖೋಲ್ಯಾಗ ಎರಡೆರಡು, ಮೂರು ಮೂರು ತುರಕತಾರ. ಅದು ಹೆಂಗ ಅಂದ್ರ, ಬರೇ ತುಂಬೈತೋ ಖಾಲಿ ಐತೋ ಅಂತ ನೋಡೋದಲ್ಲ, ಎಷ್ಟ ತುಂಬೈತಿ ಅಂತ ಅಳಿಯೋದು. ಸೇರು, ಅಚ್ಚೇರು, ಪಾವು ಇದ್ದಂಗ. ನಾಕು ಮಟ್ಟ ಗುರತಿಸಿದ್ರ ಎರಡು ಬಿಟ್, ಎಂಟು ಮಟ್ಟ ಆದ್ರ ಮೂರು, ಹದಿನಾರು ಆದ್ರ ನಾಕು. ಸೋವಿ ಆಗೋದು ಇದರಿಂದ. ಆದ್ರ ಮಟ್ಟ ಹತ್ತರ ಹತ್ತರ ಬಂದಷ್ಟೂ, ಸ್ವಲ್ಪ ಸೋರಿದ್ರ ಸಾಕು, ಅಚ್ಚೇರು ಹೋಗಿ ಪಾವು ಆಕ್ಕೈತಿ. ಲೆಕ್ಕ ತಪ್ಪತೈತಿ.

ನನ್ನ ಪ್ರಶ್ನಿಗೆ ಉತ್ತರ ಇಲ್ಲೇ ಇತ್ತು ನೋಡ್ರಿ. ಗ್ವಾಡಿ ಎಷ್ಟ ಭದ್ರ ಇದ್ರೂ ಎಲೆಕ್ಟ್ರಾನ್ ಒಂದೊಂದ ಸೋರತಾವು. ಶಾಖ ಹೆಚ್ಚಿದ್ರ ಇನ್ನೂ ಜಲ್ದಿ. ನಾ ಇಟ್ಟ ಮಾಡದ ಕೆಳಗ ಗ್ಯಾಸಿನ ಒಲಿ, ಹಿಂದ ಪಡುವಲ ಬಿಸಲ ಬಡಿಯೋ ಗ್ವಾಡಿ. ಜೋಪಾನ ಅಂತ ಮನಿಯಾಗಿನ ಎಲ್ಲಾಕ್ಕಿಂತ ಬಿಸಿ ಜಾಗಾ ಹುಡಕಿ ಇಟ್ಟಿದ್ದೆ! ಸೋರಿಕಿಂದನ ಕೆಟ್ಟೈತೋ, ಒಳಗಿನ ಕಾರಭಾರಿ ಚಿಪ್ ಕೈಕೊಟ್ಟೈತೋ ಖಾತ್ರಿ ಹೇಳಾಕ ಬರೂದಿಲ್ಲ ಅಂದ ಹುಡುಗ. ನನ್ನ ಮನಸಿಗೆ ಸಮಾಧಾನ ಆಗ್ಲಿ ಅಂತ ಹೇಳಿರಬಹುದು.

ಈ ಖೋಲಿ ಹುಟ್ಟಿದ ಕಥಿ ಕೇಳ್ರಿ, ನಮ್ಮಂಥ ಅಡಗಿಮನಿಯವ್ರಿಗೆ ಸೇರತೈತಿ. 1967ರಾಗ ಅಮೆರಿಕಾದ ಬೆಲ್ ಲ್ಯಾಬ್ಸಿನ್ಯಾಗ ಡಾವಾನ್ ಕಾಂಗ್, ಸೈಮನ್ ಝೀ ಅನ್ನೋ ಇಬ್ಬರು ಇದನ್ನ ಹೊಳಿಸಿದ್ರು. ಮಧ್ಯಾಹ್ನ ಊಟಕ್ಕ ಕುಂತಾಗ ಪದರ ಪದರ ಇದ್ದ ಚೀಸ್ ಕೇಕ್ ತಿನ್ನೋ ಮುಂದ ನಡುವ ಇನ್ನೊಂದು ಪದರ ಇಟ್ರ ಹೆಂಗ ಅಂತ ವಿಚಾರ ಬಂತು ಅಂತಾರ. ನಾವು ಚಿರೋಟಿ ಪದರ ಎಷ್ಟ ಮಾಡಿಲ್ಲ, ನಮಗ್ಯಾಕ ಹೊಳೀಲಿಲ್ಲೋ! ಆಮ್ಯಾಲ ಜಪಾನಿನ ತೋಷಿಬಾದಾಗ ಫುಜಿಯೊ ಮಸುವೊಕಾ ಅನ್ನೋರು 1984ರಾಗ ಈಗಿನ ಫ್ಲ್ಯಾಶ್ ಮೆಮೊರಿಯನ್ನ ಜಗತ್ತಿಗೆ ತೋರಿಸಿದ್ರು. 1987ರಾಗ ಅದರದ ಇನ್ನೊಂದು ಬಗಿ ಬಂತು, ನ್ಯಾಂಡ್ ಅಂತ. ನಮ್ಮ ಕಾರ್ಡ್, ಪೆನ್ ಡ್ರೈವಿನ್ಯಾಗ ಇರೋದು ಅದ. 1987 ಅಂದ್ರ ನಾ ಮೊದಲನೇ ಪಿಯುಸಿಗೆ ಹೆಸರ ಹಚ್ಚಿದ ವರ್ಷ. ನಾವು ಡಯೋಡಿನ ಚಿತ್ರ ಬರಿಯೋ ಮುಂದ ಅಲ್ಲಿ ಇದೆಲ್ಲಾ ನಡದಿತ್ತು.

ಫ್ಲ್ಯಾಶ್ ಅಂತ ಹೆಸರ ಯಾಕ ಅಂದ್ರ, ಇದರಾಗ ಅಳಸೋದು ಒಂದೊಂದ ಅಕ್ಷರ ಅಲ್ಲ. ನಮ್ಮ ಸಾಲಿ ಪಾಟಿ ಇದ್ದಂಗ, ಒಂದ ತಪ್ಪಾದ್ರೂ ಇಡೀ ಪಾಟಿ ಒರಸಬೇಕು. ದೊಡ್ಡ ದೊಡ್ಡ ತುಂಡು ಒಮ್ಮಿಗೇ ಫಕ್ಕನೆ ಅಳೀತೈತಿ. ಅದು ಕ್ಯಾಮೆರಾ ಫ್ಲ್ಯಾಶ್ ಮಿಂಚಿದಂಗ ಅಂತ ಮಸುವೊಕಾ ಅವರ ಜೋಡಿ ಇದ್ದ ಷೋಜಿ ಅರಿಇಝುಮಿ ಅನ್ನೋರು ಈ ಹೆಸರ ಇಟ್ರಂತ. ಮಸುವೊಕಾ ಅವ್ರು ಮುಂದ ಕಂಪನಿ ಬಿಟ್ಟು ಯೂನಿವರ್ಸಿಟಿಗೆ ಹೋದ್ರು, ತಮ್ಮ ಕೆಲಸಕ್ಕ ತಕ್ಕ ರೊಕ್ಕ ಸಿಗಲಿಲ್ಲ ಅಂತ ಕೋರ್ಟಿಗೂ ಹೋದ್ರು. 2006ರಾಗ 8.7 ಕೋಟಿ ಯೆನ್ನಿಗೆ ರಾಜಿ ಆತು. ಜಗತ್ತಿನ ಎಲ್ಲಾರ ಕಿಸೆದಾಗ ಇರೋ ವಸ್ತುಕ್ಕ ಅದು ಹೆಚ್ಚಲ್ಲ ಅಂತ ನನಗ ಅನಸತೈತಿ.

ಇನ್ನೊಂದು ಮಾತು. ತುಂಬಿ ಖಾಲಿ ಮಾಡಿ, ತುಂಬಿ ಖಾಲಿ ಮಾಡಿ ಆ ಗ್ವಾಡಿ ಸವೀತೈತಿ. ಒಂದ ಬಿಟ್ ಇಡೋ ಖೋಲಿ ಸುಮಾರು 1 ಲಕ್ಷ ಸಲ ತಡೀತೈತಿ, ಮೂರು ಬಿಟ್ ಇಡೋ ಸೋವಿ ಖೋಲಿ ಸಾವಿರ, ಮೂರು ಸಾವಿರದ ಸುಮಾರಿಗೆ ದಣೀತೈತಿ. ಅದಕ್ಕ ಒಳಗಿನ ಕಾರಭಾರಿ ಚಿಪ್ಪು ಒಂದ ಖೋಲಿಗೇ ಕೆಲಸ ಹಚ್ಚದ ಎಲ್ಲಾದಕ್ಕೂ ಪಾಳಿ ಹಾಕತೈತಿ. ನಮ್ಮತ್ತಿ ಹಿಂಗ ಮಾಡತಿದ್ರು. ಗಂಗಾಳದ ಸಾಲಿನ್ಯಾಗ ಮ್ಯಾಲಿನವ್ನ ದಿನಾ ತಗೋಬ್ಯಾಡ, ತಳದಾಗಿನವು ತಗಿ, ಎಲ್ಲಾ ಸರಿಸಮ ಸವೀಬೇಕು ಅಂತ. ಆವಾಗ ನನಗ ಸಿಟ್ಟ ಬರತಿತ್ತು.

ಅವತ್ತ ಹುಡುಗನ ಜೋಡಿ ಕುಂತು ಮನ್ಯಾಗ ಫ್ಲ್ಯಾಶ್ ಎಲ್ಲೆಲ್ಲಿ ಐತಿ ಅಂತ ಎಣಿಸಿದ್ವಿ. ಫೋನು, ಟಿವಿ, ಟಿವಿ ಕೆಳಗಿನ ಪೆಟ್ಟಿಗಿ, ವೈಫೈ ಪೆಟ್ಟಿಗಿ. ಇವರ ಕಾರಿನ್ಯಾಗ ಹಳೆ ಹಾಡಿನ ಪೆನ್ ಡ್ರೈವು. ಅದು ಒಮ್ಮೆ ಪ್ಯಾಂಟಿನ ಕಿಸೆದಾಗ ಉಳದು ವಾಷಿಂಗ್ ಮಶೀನಿನ್ಯಾಗ ಒಗದು ಬಂತು. ಎರಡು ದಿನ ಒಣಗಿಸಿ ಹಚ್ಚಿದ್ರ ಹಾಡಿತು! ಕರೆಂಟ್ ಇಲ್ಲದಾಗ ನೀರು ಬಿದ್ರ ಖೋಲಿಗೇನೂ ಆಗೂದಿಲ್ಲಂತ, ಹಸಿ ಇದ್ದಾಗ ಹಚ್ಚಿದ್ರ ಕೆಡತೈತಿ. ಬಸ್ಸಿನ ಕಂಡಕ್ಟರ್ ಟಿಕೀಟ್ ಮಶೀನು, ಓಣ್ಯಾಗಿನ ಕ್ಯಾಮೆರಾ, ಜಾತ್ರ್ಯಾಗ ಟ್ರ್ಯಾಕ್ಟರ್ ಮ್ಯಾಲಿನ ಹಾಡು, ಎಲ್ಲಾ ಇದ. ಬಾಜೂ ಮನಿಯಾಕಿ ಫುಟ್‌ಪಾತಿನ್ಯಾಗ ಸೋವಿ ಅಂತ 64 ಜಿಬಿ ಕಾರ್ಡ್ ತಂದಿದ್ಲು, ಒಳಗ ಖರೇ ಇದ್ದದ್ದು 8. ತುಂಬಿದ ಮ್ಯಾಲ ಹೊಸಾ ಫೋಟೊ ಹಾಕಿದ್ರ ಹಳೇವು ಹಾಳಾಗಿ ಹೋದ್ವು. ಹೆಸರಷ್ಟ ದೊಡ್ಡದು ಬರದು ಮಾರತಾರ, ನೋಡಿ ತಗೋರಿ.

ನಮ್ಮ ಕಾರ್ಡಿಗೆ ಬರೋಣ. ಫಾರ್ಮ್ಯಾಟ್ ಒತ್ತದ ತಂದದ್ದು ಚೊಲೊ ಆತು ಅಂದ. ಕಾರ್ಡಿನ್ಯಾಗ ಪರಿವಿಡಿ ಹಾಳಿ ಇರತೈತಂತ, ಯಾವದು ಎಲ್ಲೈತಿ ಅಂತ. ಅದು ಹರದ್ರ ಲ್ಯಾಪ್‌ಟಾಪ್ ಏನೂ ಇಲ್ಲ ಅಂತೈತಿ, ಆದ್ರ ಪುಸ್ತಕದ ಹಾಳಿ ಒಳಗ ಇರತಾವು. ನಾವು ಡಿಲೀಟ್ ಮಾಡಿದಾಗನೂ ಭಾಳ ಸಲ ಹಂಗ, ಪರಿವಿಡಿಯಾಗಿನ ಹೆಸರ ಹೊಡದಿರತೈತಿ ಅಷ್ಟ, ಅದರ ಮ್ಯಾಲ ಹೊಸದು ಬರಿಯೋ ತನಕ ಹಳೇದು ಸಿಗೋ ಸಾಧ್ಯತೆ ಇರತೈತಿ. ಅದಕ್ಕ ಏನರ ಕಳದ್ರ ಮೊದಲ ಕೆಲಸ, ಆ ಕಾರ್ಡಿನ್ಯಾಗ ಹೊಸದೇನೂ ಹಾಕದ ಎತ್ತಿಡೋದು. ಈಗಿನ ಫೋನಿನೊಳಗಿನ ಮೆಮೊರಿ ಮಾತ್ರ ಬ್ಯಾರೆ, ಅದು ಅಳಸಿದ ಜಾಗಾ ತಾನ ಖಾಲಿ ಮಾಡಿಬಿಡತೈತಿ, ಅಲ್ಲಿ ಆಸೆ ಕಡಿಮಿ.

ಅಂವ ಮೊದಲ ಇಡೀ ಕಾರ್ಡನ್ನ ಇದ್ದಂಗ ಲ್ಯಾಪ್‌ಟಾಪಿಗೆ ನಕಲ ಮಾಡಿಕೊಂಡ. ಕೆಟ್ಟ ಜಾಗಾ ಬಂದಲ್ಲಿ ಅದು ನಿಂತು ನಿಂತು ಹೋಗತಿತ್ತು, ಸಂಜಿ ತನಕ ನಡೀತು. ನಾ ನಡುವ ನಡುವ ಚಹಾ ಮಾಡಿಕೊಡೋದು, ಇಣಕೋದು. ಆಮ್ಯಾಲ ನಕಲಿನ ಮ್ಯಾಲ ಫೋಟೊರೆಕ್ ಅನ್ನೋ ಪುಗಸಟ್ಟೆ ಸಿಗೋ ಸಾಫ್ಟ್‌ವೇರ್ ಹಚ್ಚಿದ. ಅದು ಹಾಳಿ ಹಾಳಿ ಹುಡಕಿ ಸಿಕ್ಕದ್ದು ತಗದು ಕೊಡತೈತಿ, ಆದ್ರ ಹೆಸರ ಇರಂಗಿಲ್ಲ. ನಾ 'ಅವ್ವ ಖಾರ 1', 'ಅವ್ವ ಖಾರ 2' ಅಂತ ಇಟ್ಟದ್ದೆಲ್ಲಾ ಹೋಗಿ ಬರೇ ನಂಬರಿನ ಸಾಲು ಬಂದ್ವು.

ಹನ್ನೊಂದರಾಗ ಆರು ಪೂರ್ತಿ ಸಿಕ್ವು. ಒಂದು ಅರ್ಧ. ನಾಕು ಹೋದ್ವು. ಬೀಸೋ ಪದ ಎರಡೂ ಹೋದವುಗಳಾಗ.

ಮೊದಲ ಹಚ್ಚಿದ್ದು ಆ ಅರ್ಧದ್ದು. ಖಾರದ್ದು. ಕುಕ್ಕರ್ ಸೀಟಿ ಹೊಡೀತೈತಿ. ಅವ್ವ, "ಧನಿಯಾ ಎರಡು ಸೇರು, ಕೊಬ್ರಿ ಬಟ್ಟಲ ನಾಕು, ಕೆಂಪಗ ಹುರೀಬೇಕು, ಕರ್‍ರಗ ಮಾಡಬ್ಯಾಡ" ಅಂತಾಳ. ನಡುವ, "ಏ, ಕುಕ್ಕರ್ ಬಂದ್ ಮಾಡವಾ" ಅಂತಾಳ. "ಮಾಡೇನವ್ವ" ಅಂತ ನನ್ನ ಧ್ವನಿ. ಮತ್ತ ಅವ್ವ, "ದಗಡಹೂ ಮಾತ್ರ..." ಅಂತಾಳ, ಅಲ್ಲಿಗೆ ಕರ್‍ರ್ ಅಂತ ಸಪ್ಪಳಾಗಿ ನಿಂತುಬಿಡತೈತಿ. ದಗಡಹೂ ಎಷ್ಟ ಹಾಕಬೇಕು ಅನ್ನೋದು ಹೋತು. ಹುಡುಗ ಎದ್ದು ಅಂಗಳಕ್ಕ ಹೋದ. ನಾ ಅತ್ತೆ, ಏನು ಮುಚ್ಚೋದೈತಿ.

ಅಂವ ಎಲ್ಲಾನೂ ಲ್ಯಾಪ್‌ಟಾಪಿಗೆ, ನನ್ನ ಫೋನಿಗೆ, ಒಂದ ಹೊಸಾ ಪೆನ್ ಡ್ರೈವಿಗೆ ಹಾಕಿದ. ಪೆನ್ ಡ್ರೈವ್ ಸುಮ್ನ ಇಡಬ್ಯಾಡ, ವರ್ಷಕ್ಕೊಮ್ಮೆ ತಗದು ಕೇಳು, ಬ್ಯಾರೆದಕ್ಕ ನಕಲ ಮಾಡು ಅಂದ. ಬರೇ ಹಚ್ಚಿದ್ರ ಸಾಲೂದಿಲ್ಲಂತ, ಹೊಸದಾಗಿ ಬರದಾಗ ಖೋಲಿ ಹೊಸದಾಗಿ ತುಂಬತಾವು. ಹೊಚ್ಚಲಾ ದಾಟೋ ಮುಂದ, "ಅವ್ವಗ ನಾ ಕಳಸ್ಲ್ಯಾ, ನೀ ಕಳಸ್ತೀಯಾ ದೊಡ್ಡವ್ವಾ?" ಅಂದ. ನಾ ಕಳಸ್ತೀನಿ ಅಂದೆ.

ರಾತ್ರಿ ತಂಗಿಗೆ ಫೋನ್ ಹಚ್ಚಿದೆ. ಸುತ್ತಿ ಬಳಸಿ ಹೇಳಾಕ ಹೋಗಲಿಲ್ಲ. ಡಬ್ಬ್ಯಾಗ ಇಟ್ಟದ್ದು, ಕೊಡಾಕ ಮನಸ ಬರದ ಇದ್ದದ್ದು, ನಾಕು ಹೋದದ್ದು, ಬೀಸೋ ಪದ ಹೋದದ್ದು, ಎಲ್ಲಾ ಹೇಳಿದೆ. ಆಕಿ ಕಡಿಂದ ಭಾಳ ಹೊತ್ತು ಮಾತ ಬರಲಿಲ್ಲ. ಕಟ್ ಆತೇನೋ ಅಂತ ಫೋನ್ ನೋಡಿಕೊಂಡೆ. "ಕೇಳಿದಾಗ ಕೊಟ್ಟಿದ್ರ ಎರಡು ಕಡೆ ಇರತಿದ್ವು, ಅಕ್ಕಾ" ಅಂದ್ಲು. ಸಿಟ್ಟಿಲೆ ಅನ್ನಲಿಲ್ಲ. ಹೌದು ಅಂದೆ. "ಇದ್ದದ್ದ ಕಳಸು" ಅಂದ್ಲು. ಏಳೂ ಕಳಸಿದೆ.

ಮರುದಿನ ಮುಂಜಾನೆ ಆರಕ್ಕ ಆಕಿದ ಫೋನು. ಮೊದಲ ಮಾತು, "ದಗಡಹೂ ಒಂದ ಹಿಡಿ. ಸಣ್ಣ ಹಿಡಿ. ಹೆಚ್ಚಾದ್ರ ಕಹಿ ಬರತೈತಿ ಅಂತ ಹೇಳಿದ್ಲು."

"ನಿನಗ ಹೆಂಗ ಗೊತ್ತು?" ಅಂದೆ.

"ನಾ ಅಲ್ಲೇ ಇದ್ದೆನಲ್ಲ ಅಕ್ಕಾ. ರಜಾಕ್ಕ ಹುಡುಗನ್ನ ಕರಕೊಂಡು ಬಂದಿದ್ದೆ. ನೀ ಮೆಣಸಿನಕಾಯಿ ತಿರವಿ ಹಾಕಾಕ ಮಾಳಗಿ ಮ್ಯಾಲ ಹೋಗಿದ್ದಿ, ಫೋನ್ ನನ್ನ ಕೈಯಾಗ ಕೊಟ್ಟು. ಕುಕ್ಕರ್ ಬಂದ್ ಮಾಡೇನವ್ವ ಅಂದಾಕಿ ನಾನು."

ಫೋನ್ ಇಟ್ಟ ಮ್ಯಾಲ ಮತ್ತ ಅದನ್ನ ಹಚ್ಚಿ ಕೇಳಿದೆ. ಮೂರು ಸಲ ಕೇಳಿದೆ. "ಮಾಡೇನವ್ವ" ಅನ್ನೋದರಾಗ ಕಡೀಕ ಧ್ವನಿ ಸ್ವಲ್ಪ ಮ್ಯಾಲ ಹೋಗತೈತಿ. ಹಂಗ ಎಳಿಯೋದು ಆಕಿನ.